ಸಿಪ್ಪೆ ಪ್ರೊಫೆಸರಮ್ಮನ ಭಾಷಣ

ಸ್ಲೆಮಾನ್, ಯೋಗ್ಯಕರ್ತ
ಸೆಪ್ಟೆಂಬರ್ ೧೪, ಭಾನುವಾರ

ಪ್ರೀತಿಯ ಪಾಕ್ನೆ, ನನ್ನ ಮಕ್ಕಳ ಅಪ್ಪನೇ,

ಆರೋಗ್ಯವಾಗಿದ್ದೀರಾ? ಬಾಲಿಕ್‌ಪಾಪನ್ ಸೆಕೆಯಲ್ಲಿ ನಿದ್ದೆ ಬರುತ್ತದೆಯೇ? ಸೊಸೆ ದಿನಾ ಏಡಿ ಬೇಯಿಸಿ ಹಾಕುತ್ತಿರಬೇಕು. ಮಗನ ಮನೆ ಅಂತ ಬಾಯಿಯ ಬೀಗ ತೆಗೆದಿಟ್ಟು ತಿನ್ನುತ್ತಾ ಕೂರಬೇಡಿ, ವಯಸ್ಸಾಗಿದೆ. ನನ್ನ ಫೋನು ಎತ್ತುವುದಿಲ್ಲವಲ್ಲ, ಅದಕ್ಕೇ ಈ ಕಾಗದ. ಕಾಗದಕ್ಕೆ ಎದುರುತ್ತರ ಕೊಡುವುದಕ್ಕಂತೂ ನಿಮಗೆ ಆಗುವುದಿಲ್ಲ.

ಮುಂದಿನ ತಿಂಗಳು ನಮ್ಮ ಕಿನಾಂತಿಯ ಪ್ರೊಫೆಸರ್ ಪದವಿಯ ಭಾಷಣ. ಇಷ್ಟು ವರ್ಷ ಏನು ಹುಡುಕಿದೆ, ಏನು ಸಿಕ್ಕಿತು ಎಂದು ಅವಳು ನಿಲುವಂಗಿ ತೊಟ್ಟು ಎಲ್ಲರೆದುರು ಹೇಳಬೇಕು. ತಂದೆತಾಯಿಗೆ ಮೊದಲ ಸಾಲಿನಲ್ಲಿ ಕುರ್ಚಿ. ಅವಳು ಈ ಸುದ್ದಿ ಹೇಳಿದ ದಿನ ನೀವು ಊಟದ ನಡುವೆ ಎದ್ದು ಹೋಗುವಾಗ ಆಡಿದ ಮಾತು ನೆನಪಿದೆಯೇ? "ಜನ ಹಣ್ಣು ತಿಂದು ಸಿಪ್ಪೆ ಎಸೀತಾರೆ. ನನ್ನ ಮಗಳು ಹಣ್ಣು ಎಸೆದು ಸಿಪ್ಪೆ ಹಿಡ್ಕೊಂಡು ಕೂತಿದ್ದಾಳೆ! ಡಾಕ್ಟರಾಗು ಅಂದೆ, ಆದಳಾ? ಒಂದು ನೆಗಡಿಗಾದರೂ ಮದ್ದು ಕಂಡುಹಿಡಿದಳಾ?" ನಿಜ ಹೇಳಲಾ, ಜೀವಕೋಶದ ಸಿಪ್ಪೆಯಂಥ ಪೊರೆಯನ್ನು ಓದುವುದೆಂದರೆ ಏನು ಎಂದು ನನಗೂ ಗೊತ್ತಿರಲಿಲ್ಲ. ಹಾಗಾಗಿ ನಾನೂ ತಟ್ಟೆ ಎತ್ತಿಡಲು ಹೋದೆ.

ಮೊನ್ನೆ ಅವಳ ಪ್ರಯೋಗಾಲಯಕ್ಕೆ ಹೋಗಿದ್ದೆ. ರಕ್ತ ಬೇಕಿತ್ತಂತೆ. "ನಿನ್ನ ಮೈಯಲ್ಲಿ ರಕ್ತ ಇಲ್ವೇನೇ?" ಎಂದೆ. "ಅಮ್ಮಾ, ನಮ್ಮ ರಕ್ತದ ಕೋಶ ನಾವೇ ಇಲ್ಲಿ ಬೆಳೆಸೋ ಹಾಗಿಲ್ಲ. ಹೊರಗೆ ಕೆಟ್ಟುಹೋದ ನಮ್ಮದೇ ಕೋಶ ಸೂಜಿ ಚುಚ್ಚಿ ಒಳಗೆ ಬಂತು ಅಂದ್ಕೋ. ಮೈಯೊಳಗಿನ ಕಾವಲಿನವರು ನಮ್ಮವನೇ ಅಂತ ಬಾಗಿಲು ಬಿಟ್ಟುಬಿಡ್ತಾರೆ. ನಿನ್ನದಾದ್ರೆ ಓಡಿಸ್ತಾರೆ" ಎಂದು ನಕ್ಕಳು. ಹೆತ್ತ ತಾಯಿಯನ್ನೂ ಪೂರ್ತಿ ನಂಬದ ಕಾವಲು ನೋಡಿ!

ಆಮೇಲೆ ಸೂಕ್ಷ್ಮದರ್ಶಕದಲ್ಲಿ ಬಗ್ಗಿ ನೋಡಿದೆ. ಪಾಕ್ನೆ, ನನ್ನ ರಕ್ತದ ಬಿಳಿ ಕಣವೊಂದು ನಡೆಯುತ್ತಿತ್ತು! ಕತ್ತಲೆಯಲ್ಲಿ ಗೋಡೆ ತಡವುವ ಮುದುಕಿಯ ಹಾಗೆ, ಎದುರಾದ ಕೋಶಗಳನ್ನೆಲ್ಲ ಮುಟ್ಟಿ ಮುಟ್ಟಿ ನೋಡುತ್ತಿತ್ತು. ಇದಕ್ಕೆ ಕಣ್ಣಿಲ್ಲ, ಕಿವಿಯಿಲ್ಲ. ಎದುರಿನವನ ಪೊರೆಯ ಮೇಲಿನ ಗುರುತನ್ನು ಸವರಿಯೇ ನಮ್ಮವನೋ ಪರಕೀಯನೋ ಎಂದು ತೀರ್ಮಾನಿಸಬೇಕಂತೆ. ನಾನು ಹುಟ್ಟಿದಾಗಿನಿಂದ ನನ್ನೊಳಗೆ ಇದು ನಡೆಯುತ್ತಿದೆ. ಅನ್ನ ಬೇಯಿಸುವಾಗ, ನಿಮ್ಮ ಜೊತೆ ಜಗಳವಾಡುವಾಗ ಕೂಡ. ನನಗೆ ಮೈ ಜುಮ್ಮೆಂದಿತು. ಕೈಗಳು ತಾವಾಗಿಯೇ ಜೋಡಿದವು.

"ಇವು ಯಾವತ್ತೂ ತಪ್ಪೋದಿಲ್ವಾ?" ಎಂದು ಕೇಳಿದೆ. ತಪ್ಪುತ್ತವೆ, ಆ ತಪ್ಪೇ ತನ್ನ ಇಷ್ಟು ವರ್ಷದ ಕೆಲಸ ಎಂದಳು. ಭೇದಿ ತರುವ ಒಂದು ರೋಗಾಣುವಿದೆಯಂತೆ. ಅದರ ಹೊದಿಕೆಯ ಮೇಲಿನ ಗುರುತು ನಮ್ಮ ನರದ ಪೊರೆಯ ಗುರುತನ್ನೇ ಹೋಲುತ್ತದಂತೆ. ರೋಗಾಣುವನ್ನು ಹೊಡೆದ ಮೇಲೆ ಮೈಯ ಕಾವಲು ಅದೇ ಆವೇಶದಲ್ಲಿ ನರವನ್ನೂ ಹೊಡೆಯುತ್ತದೆ. ಮೊದಲು ಹೊಟ್ಟೆ ಕೆಡುತ್ತದೆ, ಆಮೇಲೆ ಕಾಲು ಸೋಲುತ್ತದೆ.

ನನಗೆ ತಟ್ಟನೆ ಹಳೆಯದು ನೆನಪಾಯಿತು. ನಿಮ್ಮ ತಂಗಿಯ ಮದುವೆ ಊಟದ ಭೇದಿ, ಆಮೇಲೆ ಒಂದು ಬೆಳಿಗ್ಗೆ ನಿಮ್ಮ ಎರಡೂ ಕಾಲು ಸತ್ವ ಕಳೆದುಕೊಂಡಿದ್ದು! ಮಾಟ ಮಾಡಿಸಿದನೆಂದು ನೀವು ಇಂದಿಗೂ ಆ ತಂಗಿಯ ಗಂಡನನ್ನು ಬೈಯುತ್ತೀರಿ. ಪಾಪ ಆ ಮನುಷ್ಯ. ನಿಮ್ಮನ್ನು ಬೀಳಿಸಿದ್ದು ನಿಮ್ಮದೇ ಕಾವಲು. ಅದು ಯಾವ ಗುರುತನ್ನು ಕಂಡು ಮೋಸಹೋಗುತ್ತದೆ ಎಂಬುದರ ಒಂದು ಮೂಲೆಯನ್ನು ಕಂಡವಳು ನಿಮ್ಮ ಮಗಳು. "ಒಂದು ಮೂಲೆ ಅಷ್ಟೇ ಅಮ್ಮಾ" ಎಂದಳು. ನನಗೆ ಅಷ್ಟೇ ಸಾಕು.

ಮಗನಿಗೂ ಸೊಸೆಗೂ ನನ್ನ ಆಶೀರ್ವಾದ. ದೇವರು ನಿಮ್ಮ ಕಾಲಿಗೆ ಶಕ್ತಿ ಕೊಡಲಿ, ತಲೆಗೆ ಸ್ವಲ್ಪ ತಂಪು ಕೊಡಲಿ.

ನಿಮ್ಮ ಮಾಕ್ನೆ, ಮಕ್ಕಳ ಅಮ್ಮ,
ಸುಮಾರ್ನಿ

ತಾ.ಕ. (ಸೋಮವಾರ): ಅಂಚೆಯವನು ಬರುವ ಹೊತ್ತು, ಬೇಗ ಬರೆಯುತ್ತೇನೆ. ಇವತ್ತು ಅವಳು ಭಾಷಣ ಓದಿ ತೋರಿಸಿದಳು. ಮೊದಲ ಸಾಲನ್ನು ಬಿಟ್ಟು ಓದಿದಳು. ಹಾಳೆ ಕಿತ್ತುಕೊಂಡು ನೋಡಿದೆ: "ನಾನು ಹತ್ತು ವರ್ಷದವಳಿದ್ದಾಗ ನನ್ನಪ್ಪ ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳಲಿಲ್ಲ, ಅವರು ಯಾಕೆ ಏಳಲಿಲ್ಲ ಎಂದು ಅಂದಿನಿಂದ ಹುಡುಕುತ್ತಿದ್ದೇನೆ." ಯಾಕೆ ಬಿಟ್ಟೆ ಎಂದರೆ, "ಅಪ್ಪ ಎದುರಿಗೆ ಕೂತಿದ್ರೆ ಮಾತ್ರ ಓದ್ತೀನಿ" ಎಂದಳು.