ಹಾಡು ಯಾರದು

ಹರಿಹರಪುರ
೩-೧೨-೨೦೦೭

ಪ್ರೀತಿಯ ಭವ್ಯಾ,

ನಿನ್ನ ಕೆಮ್ಮು ವಾಸಿಯಾಯಿತೇ? ಮಂಗಳೂರಿನ ಸೆಕೆಗೆ ಫ್ಯಾನಿನ ಕೆಳಗೇ ಮಲಗುತ್ತೀಯೆಂದು ನಿನ್ನಮ್ಮ ಹೇಳಿದಳು. ಕಾಳುಮೆಣಸಿನ ಕಷಾಯ ಮಾಡಿ ಕುಡಿ, ಅಸಡ್ಡೆ ಮಾಡಬೇಡ. ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಆದರೆ ನೀನು ಕಳಿಸಿದ ಒಪ್ಪಿಗೆ ಕಾಗದ ಬಂದಾಗಿನಿಂದ ಊಟವೇ ಸೇರುತ್ತಿಲ್ಲ.

ಶುಕ್ರವಾರದೊಳಗೆ ಹೊನ್ನಕ್ಕನ ಸಹಿ ತಲುಪದಿದ್ದರೆ ಅವಳ ಹಾಡನ್ನು ನಿನ್ನ ಟಿ.ವಿ. ಚಿತ್ರದಿಂದ ಕತ್ತರಿಸುತ್ತಾರೆ, ಆ ಹಾಡು ಹೋದರೆ ನೀನು ಮೊದಲ ಸಲ ಸ್ವಂತವಾಗಿ ಮಾಡಿದ ಚಿತ್ರವೇ ಹೋದಂತೆ ಎಂದು ಬರೆದಿದ್ದೀಯ. ಪಕ್ಕದ ಮನೆಯವಳಲ್ಲವೇ, ಕಾಫಿ ಕುಡಿಯುವಷ್ಟರಲ್ಲಿ ಮುಗಿಯುವ ಕೆಲಸ ಎಂದುಕೊಂಡು ಹೋದೆ. ಅವಳು ಪೆನ್ನೇ ಮುಟ್ಟಲಿಲ್ಲ. "ಹಾಡಿದ್ದು ನಾನು ಹೌದು ಮಾರಾಯ್ತಿ, ಹಾಡು ನಂದಲ್ಲ. ಎಲೆ ಅಡಿಕೆ ಕೊಟ್ಟು ಜಲಜತ್ತಿಗೆ ಹತ್ರ ಕಲ್ತಿದ್ದು. ಅವ್ರು ಹೂಂ ಅನ್ನದೆ ಸಹಿ ಹಾಕಿದ್ರೆ ಕದ್ದಂಗೆ ಆಗ್ತದೆ" ಅಂದಳು. ಹೆಣ್ಣೊಪ್ಪಿಸುವ ಹಾಡನ್ನು ನಮ್ಮವರು ಹಾಗೆ ಎಲೆ ಅಡಿಕೆ ಕೊಟ್ಟೇ ಕಲಿಯುವುದು, ನಿಜ. ಆದರೆ ಕ್ಯಾಮೆರಾ ಮುಂದೆ ರಾಗ ಎಳೆಯುವಾಗ ಈ ಮಹಾತಾಯಿಗೆ ಅದು ನೆನಪಾಗಲಿಲ್ಲವೇ! ಸಿಟ್ಟು ಬಂತು, ನುಂಗಿಕೊಂಡೆ.

ಜಲಜಮ್ಮ ಎಂದರೆ ಹೊನ್ನಕ್ಕನ ಅಣ್ಣನ ಹೆಂಡತಿ. ಹುಟ್ಟಿದ್ದು ನನ್ನ ತವರು ಕಡಹಿನಬೈಲಿನಲ್ಲೇ, ಈಗಿರುವುದು ಅಡ್ಡಗದ್ದೆಯಲ್ಲಿ. ನಿನ್ನೆ ಬೆಳಗಿನ ಬಸ್ಸಿಗೆ ಹೋದೆ. ಅವರಿಗೆ ನೆನಪು ಹೋಗಿದ್ದರೆ, ಮಗಳ ಮನೆಗೆ ಹೊರಟುಹೋಗಿದ್ದರೆ, ನಿನ್ನ ಗತಿ ಏನು ಎಂದು ದಾರಿಯುದ್ದಕ್ಕೂ ಅದೇ ಚಿಂತೆ. ಪುಣ್ಯಕ್ಕೆ ಅಂಗಳದಲ್ಲೇ ಕೂತು ಸೊಪ್ಪು ಸೋಸುತ್ತಿದ್ದರು. ವಿಷಯ ಕೇಳಿ ನನ್ನ ಮುಖವನ್ನೇ ನೋಡಿದರು. "ಒಪ್ಪಿಗೆ ಕೊಡೋಕೆ ನಾನ್ಯಾರೇ? ನಿನ್ನ ಮದುವೇಲಿ ನಿನ್ನವ್ವ ಹೇಳಿದ ಹಾಡಲ್ವಾ ಅದು! ಆಮೇಲೆ ನಾ ಅವಳ ಹತ್ರ ಕಲ್ತೆ. ಅವಳ ಮಗಳು ನೀನು, ಕೊಡೋಳೂ ನೀನೇ" ಅಂದರು.

ಭವ್ಯಾ, ನನಗೆ ಗೊತ್ತೇ ಇರಲಿಲ್ಲ. ಒಪ್ಪಿಸಿಕೊಡುವ ಹೊತ್ತಿಗೆ ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದೆ, ಒಂದಕ್ಷರವೂ ಕಿವಿಗೆ ಬಿದ್ದಿರಲಿಲ್ಲ. ನೀನು ಚಿತ್ರ ತೆಗೆಯುವಾಗಲೂ ನಿನ್ನ ಜೊತೆ ಬಂದವರಿಗೆ ಕಡುಬು ಬೇಯಿಸುತ್ತಾ ಒಳಗಿದ್ದೆ. ಬಸ್ಸಿನಲ್ಲಿ ವಾಪಸು ಬರುವಾಗ ಜನ ನೋಡುತ್ತಾರೆಂಬ ನಾಚಿಕೆಯೂ ಇಲ್ಲದೆ ಅತ್ತುಬಿಟ್ಟೆ.

ಹಕ್ಕುದಾರರು ಎಂದಿರುವ ಕಡೆ ಅವ್ವನ ಹೆಸರು, ವನಜಮ್ಮ ಎಂದು ಬರೆದು, ಕೆಳಗೆ ಮಗಳು ಎಂದು ನಾನು ಸಹಿ ಹಾಕಿದ್ದೇನೆ. ಅದನ್ನು ನೋಡಿದ ಮೇಲೆ ಹೊನ್ನಕ್ಕನೂ ಹಾಕಿದಳು. ಕಾಗದ ಇದರೊಳಗಿದೆ. ತೀರಿಕೊಂಡವರ ಹೆಸರನ್ನು ನಿನ್ನ ಆಫೀಸಿನವರು ಒಪ್ಪುತ್ತಾರೋ ಇಲ್ಲವೋ, ನನಗಂತೂ ತಿಳಿಯದು. ತಪ್ಪಾಗಿದ್ದರೆ ಕೂಡಲೇ ಫೋನ್ ಮಾಡು, ಇನ್ನೊಂದು ಸಲ ಓಡಾಡುತ್ತೇನೆ.

ನಿನ್ನ ಕೆಲಸ ಕೈಗೂಡಲಿ, ಮೈ ಜೋಪಾನ ಮಗಾ.

ನಿನ್ನ ಅಜ್ಜಿ,
ಅನ್ನಮ್ಮ

ಮರೆತೆ ನೋಡು, ಟಪ್ಪಾಲು ತೆಗೆಯುವ ಹೊತ್ತಾಯಿತು. ಊರವರೆಲ್ಲ ಟಿ.ವಿ.ಯಲ್ಲಿ ಕೇಳುವ ಮೊದಲು ಆ ಹಾಡನ್ನು ತಂದು ನನಗೊಬ್ಬಳಿಗೇ ಕೇಳಿಸು. ಕೇಳಿಕೊಂಡರೆ ಹೊನ್ನಕ್ಕ ಹಾಡಿಯಾಳು, ಆದರೆ ಅವಳೆದುರು ನಾನು ಅಳಲಾರೆ. ನನ್ನನ್ನು ಕಳಿಸಿಕೊಡುವಾಗ ಅವ್ವ ಏನು ಹೇಳಿದಳೆಂದು ನಾನಿನ್ನೂ ಕೇಳೇ ಇಲ್ಲ.