ಚಿಕ್ಕಮ್ಮನ ಮನೆಯ ವಿಳಾಸ

ಆಸರೆ ಕೇಂದ್ರ, ಎರಡನೆಯ ಮಹಡಿ
ಮಂಗಳವಾರ, ಫೆಬ್ರವರಿ 10

ಪ್ರೀತಿಯ ಮಗಳೇ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ನೀನು ನೋಡಿಕೊಳ್ಳುವ ಆ ಮುದುಕಿಯನ್ನು ಹಾಸಿಗೆಯಿಂದ ಎತ್ತುವಾಗ ಇನ್ನೊಬ್ಬರನ್ನು ಕರೆದುಕೋ, ಪೈಲ್ವಾನನಂತೆ ಒಬ್ಬಳೇ ನುಗ್ಗಬೇಡ. ನಾವಿದ್ದ ಕಟ್ಟಡವನ್ನು ಪೂರ್ತಿ ಕೆಡವಿದ್ದಾರೆ, ಈಗ ಅಲ್ಲಿ ಬರೀ ತಗಡಿನ ಬೇಲಿ. ಇಲ್ಲಿ ಇಪ್ಪತ್ತು ಮಂಚಗಳ ಕೋಣೆ, ನಮ್ಮದು ಕಿಟಕಿಯ ಬಳಿ. ಪಕ್ಕದವಳ ಗೊರಕೆಗೆ ನಿನ್ನ ಮಗಳು ಗುಬ್ಬಿ ಮೊದಮೊದಲು ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಈಗ ನಗುವುದಿಲ್ಲ.

ಸುತ್ತಿ ಬಳಸದೆ ಹೇಳಿಬಿಡುತ್ತೇನೆ. ಗುಬ್ಬಿ ಶಾಲೆಗೆ ಹೋಗದೆ ಹದಿನೇಳು ದಿನವಾಯಿತು. ತಪ್ಪು ನನ್ನದು. ಕಟ್ಟಡ ಬಿಟ್ಟ ವಾರ ಶಾಲೆಯ ಗುಮಾಸ್ತ ಹೊಸ ವಿಳಾಸ ಕೇಳಿದ. ಆಸರೆ ಕೇಂದ್ರ ಎನ್ನಲು ನನಗೆ ಬಾಯಿ ಬರಲಿಲ್ಲ. ಊರಾಚೆಯ ನಿನ್ನ ಚಿಕ್ಕಮ್ಮನ ಮನೆಯಲ್ಲಿದ್ದೇವೆ ಎಂದುಬಿಟ್ಟೆ, ಬಾಗಿಲ ಸಂಖ್ಯೆ ಸಮೇತ. ಅವನು ಒಳ್ಳೆಯವನೇ. ಅಷ್ಟು ದೂರದಿಂದ ಹುಡುಗಿ ಹೇಗೆ ಬಂದಾಳು ಎಂದು ಅಲ್ಲಿನ ಶಾಲೆಗೆ ವರ್ಗಾವಣೆ ಪತ್ರ ಬರೆದುಕೊಟ್ಟ. ಕೇಂದ್ರದಿಂದ ಆ ಶಾಲೆಗೆ ಮೂರು ಬಸ್ಸು ಬದಲಿಸಬೇಕು. ಎರಡು ದಿನ ಹೋದಳು, ಮೂರನೆಯ ದಿನ ಏಳಲೇ ಇಲ್ಲ. ಈಗ ಹಳೆಯ ಶಾಲೆಯ ಸಮವಸ್ತ್ರ ಹಾಕಿಕೊಂಡು ನನ್ನ ಜೊತೆ ಲಾಂಡ್ರಿಗೆ ಬರುತ್ತಾಳೆ. ನಾನು ಹರಿದ ಚಾದರಗಳಿಗೆ ಅಂಚು ಹೊಲಿಯುತ್ತಿದ್ದರೆ, ಅವಳು ಬಟ್ಟೆಗಂಟಿನ ಮೇಲೆ ಕೂತು ಹಳೆಯ ರಸೀದಿಗಳ ಬೆನ್ನಿಗೆ ಲೆಕ್ಕ ಬಿಡಿಸುತ್ತಾಳೆ.

ಶುಕ್ರವಾರ ಅವಳ ಹಳೆಯ ಶಾಲೆಯ ಲೆಕ್ಕದ ಮೇಡಂ ಒಗೆಯಲು ಕೋಟು ಕೊಡಲು ಬಂದವರು ಇವಳನ್ನು ಕಂಡು ನಿಂತುಬಿಟ್ಟರು. ನಾನು ವಿಳಾಸದ ಸುಳ್ಳನ್ನು ಕಕ್ಕಿದೆ. "ಅಯ್ಯೋ ಅಜ್ಜಿ, ಮನೆ ಇಲ್ಲ ಅಂತ ಒಂದ್ಮಾತು ಹೇಳಿದ್ರೆ ಸಾಕಿತ್ತಲ್ಲ" ಎಂದರು. ಮನೆ ಕಳೆದುಕೊಂಡ ಮಕ್ಕಳನ್ನು ಹಳೆಯ ಶಾಲೆಯಿಂದ ಕಳಿಸುವ ಹಾಗಿಲ್ಲವಂತೆ, ಕಾನೂನೇ ಇದೆಯಂತೆ. ಬಸ್ಸನ್ನೂ ಶಾಲೆಯೇ ಕಳಿಸಬೇಕಂತೆ. ಮಾನ ಉಳಿಸಿಕೊಳ್ಳಲು ಹೋಗಿ ಮಗುವಿನ ಶಾಲೆ ಕಳೆದೆ ನೋಡು.

ಹಳೆಯ ಶಾಲೆಗೆ ಮರಳಲು ಮೇಡಂ ತಂದುಕೊಟ್ಟ ಫಾರಂ ಈ ಪತ್ರದ ಜೊತೆಗಿದೆ. ವಿಳಾಸದ ಮುಂದೆ 'ಮನೆ ಇಲ್ಲ' ಎಂದು ಗುಬ್ಬಿಯೇ ಬರೆದಳು. ತಾಯಿಯ ಸಹಿ ಬೇಕು. ಸೋಮವಾರದೊಳಗೆ ಇಲ್ಲಿಗೆ ಮುಟ್ಟಿದರೆ ಹತ್ತನೆಯ ತರಗತಿಯ ಪರೀಕ್ಷೆಗೆ ಅವಳ ಹೆಸರು ಹೋಗುತ್ತದೆ, ಇಲ್ಲದಿದ್ದರೆ ಒಂದು ವರ್ಷ ಮಣ್ಣುಪಾಲು.

ನಿನ್ನ ಕೈಕಾಲು ಗಟ್ಟಿಯಾಗಿರಲಿ. ಹೊತ್ತುಹೊತ್ತಿಗೆ ಉಣ್ಣು.

ನಿನ್ನ
ಅಮ್ಮ

ತಾ.ಕ.: ಇದನ್ನು ಮರೆತಿರಲಿಲ್ಲ, ಬರೆಯಲು ಧೈರ್ಯವಾಗಲಿಲ್ಲ. ಗುಬ್ಬಿ ಯಾಕೆ ಒಂದು ಸಾಲೂ ಬರೆಯುತ್ತಿಲ್ಲ ಎಂದು ಕೇಳಿದ್ದೆಯಲ್ಲ. ಗುಮಾಸ್ತನ ಮುಂದೆ ಅವಳು ನನ್ನ ತೋಳು ಹಿಡಿದೆಳೆದು "ಸುಳ್ಳು ಯಾಕಜ್ಜೀ?" ಎಂದಾಗ, "ನಿಮ್ಮಮ್ಮನೇ ಹೀಗೆ ಹೇಳು ಅಂದಿದ್ದಾಳೆ, ಸುಮ್ನಿರು" ಎಂದೆ. ಶಾಲೆ ತಪ್ಪಿಸಿದವಳು ನೀನೆಂದೇ ಅವಳು ಇವತ್ತಿಗೂ ನಂಬಿದ್ದಾಳೆ. ದಿನಾ ಹೇಳಬೇಕೆಂದುಕೊಳ್ಳುತ್ತೇನೆ. ಇಲ್ಲಿ ಅವಳಿಗಿರುವುದು ನಾನೊಬ್ಬಳೇ, ನನ್ನ ಮೇಲೂ ಮುನಿಸಿಕೊಂಡರೆ ಎಂದು ಹೆದರಿ ಸುಮ್ಮನಾಗುತ್ತೇನೆ. ಸಹಿಯ ಜೊತೆಗೆ ಅವಳ ಹೆಸರಿಗೊಂದು ಕಾಗದ ಹಾಕು. ಇದ್ದದ್ದು ಇದ್ದ ಹಾಗೆ ಬರೆ, ನನ್ನ ಮುಖ ನೋಡಿ ಏನನ್ನೂ ಮುಚ್ಚಿಡಬೇಡ.