ಪರ್ಪೆಟುವಾ ಅಜ್ಜಿ ಹೇಳಿಕಳಿಸಿದ್ದು

ಅಮ್ಮಾ,

ನಿನ್ನನ್ನು ಮಣ್ಣು ಮಾಡಿ ಬಂದ ಮೇಲೆ ನಿನ್ನ ದಗಾರೆ ಭಾಷೆ ಕಲಿಯತೊಡಗಿದ್ದೇನೆ. ಅಕ್ರಾ ನಗರದ ಮದೀನಾ ಬಡಾವಣೆಯಿಂದ ಕೆಲಸಕ್ಕೆ ಹೋಗುವ ಟ್ರೋಟ್ರೋ ವ್ಯಾನಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಪಾಡ್‌ಕಾಸ್ಟ್ ಕೇಳುತ್ತೇನೆ. ನಿಮ್ಮೂರ ಕಡೆಯ ಮೇಷ್ಟ್ರೊಬ್ಬರು ನಿಧಾನವಾಗಿ ಒಂದೊಂದೇ ಮಾತು ಹೇಳಿಕೊಡುತ್ತಾರೆ. ಟ್ರಾಫಿಕ್ಕಿನಲ್ಲಿ ವ್ಯಾನು ನಿಂತಷ್ಟೂ ನನಗೆ ಖುಷಿ.

ಇವತ್ತು ಮೈಮರೆತು ಪಾಠವನ್ನು ಜೋರಾಗಿಯೇ ಹೇಳಿಬಿಟ್ಟೆ: "ಮನೇಲೆಲ್ಲ ಹೇಗಿದ್ದಾರೆ?"

ಪಕ್ಕದಲ್ಲಿದ್ದ ಅಜ್ಜಿ ತಿರುಗಿದಳು. "ಎಲ್ಲಾ ಚೆನ್ನಾಗವ್ರೆ ಕಣವ್ವ. ನಿಮ್ಮನೇಲಿ?"

ತಡವರಿಸುತ್ತಲೇ ಉತ್ತರ ಕೊಟ್ಟೆ. ಅವಳಿಗೆ ನಗು ತಡೆಯಲಾಗಲಿಲ್ಲ. "ಒಳ್ಳೇ ಬಿಳೀ ಪಾದ್ರಿ ಮಾತಾಡ್ದಂಗೆ ಮಾತಾಡ್ತೀಯಲ್ಲೇ! ಯಾರ ಮಗಳು ನೀನು?"

"ನಾಂದೊಂ ಊರಿನ ಯೂಲಾಲಿಯಾ ಮಗಳು."

"ಅಯ್ಯೋ, ನಮ್ಮೂರೇ! ಈ ಅಕ್ರಾದಾಗೂ ಇಷ್ಟು ಮಾತು ಉಳಿಸ್ಕೊಂಡಿದ್ದೀಯಲ್ಲ. ನಿಮ್ಮವ್ವ ಕಲಿಸಿದ್ದು ಸುಮ್ಕೆ ಹೋಗ್ಲಿಲ್ಲ ಬಿಡು."

ನಾನು ಹೌದು ಎಂದೆ.

ಇಳಿಯುವಾಗ ಅವಳು ನನ್ನ ಕೈ ಹಿಡಿದು, "ಪರ್ಪೆಟುವಾ ಕೇಳಿದ್ಲು ಅಂತ ನಿಮ್ಮವ್ವಂಗೆ ಹೇಳು" ಎಂದಳು. ತೀರಿಕೊಂಡಳು ಎನ್ನುವುದಕ್ಕೆ ದಗಾರೆಯಲ್ಲಿ ಏನೆನ್ನುತ್ತಾರೋ, ಮೇಷ್ಟ್ರು ಇನ್ನೂ ಹೇಳಿಕೊಟ್ಟಿಲ್ಲ. ಹೇಳುತ್ತೇನೆ ಎಂದೆ.

ಹೇಳಿದ್ದೇನೆ, ಅಮ್ಮಾ.